ಮೂರು ತುಂಬದ ಸುದ್ದಿ

ಹೂವು ನೋಡಿದರೆ ಮನಸ್ಸು ಹಗುರಾಗುತ್ತದೆ ಎಂದು ಯಾವ ಪುಣ್ಯಾತ್ಮ ಹೇಳಿದನೋ, ಅವನೊಮ್ಮೆ ನನ್ನ ಕೈಗೆ ಸಿಗಬೇಕು. ಆ ಮಾರ್ಚ್ ತಿಂಗಳ ಶನಿವಾರ ಅಮೆರಿಕದ ಗೈದರ್ಸ್‌ಬರ್ಗ್‌ನ ನಮ್ಮ ಟೌನ್‌ಹೌಸಿನ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಾಗ ನನ್ನ ಗಂಡನೂ ಅದನ್ನೇ ಹೇಳಿದ.

"ಸ್ವಲ್ಪ ಹೊರಗಡೆ ಹೋದ್ರೆ ನಿಂಗೂ ಚೇಂಜ್ ಆಗುತ್ತೆ ಕಣೆ. ಬರೀ ಹೂವು ತಾನೆ, ನೋಡ್ಕೊಂಡು ಬರೋಣ."

"ಆಗೋ ಚೇಂಜ್ ಎಲ್ಲ ಆಗೋಯ್ತಲ್ಲ, ಇನ್ನೇನು ಬಾಕಿ ಇದೆ?" ಎಂದೆ.

ಅವನು ಬಗ್ಗಿ ನನ್ನ ಶೂ ಲೇಸು ಕಟ್ಟಿದ. ಬಗ್ಗಬೇಡ, ಭಾರ ಎತ್ತಬೇಡ ಎಂದು ಹೊಸ ವರ್ಷದಿಂದ ಶುರುವಾದ ಅವನ ಉಪಚಾರ ಇನ್ನೂ ನಿಂತಿರಲಿಲ್ಲ. ನಿಲ್ಲಿಸು ಎಂದು ಹೇಳಲು ನನಗೂ ಬಾಯಿ ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ನನಗೆ ಗರ್ಭಪಾತವಾಗಿತ್ತು. ಮದುವೆಯಾಗಿ ಏಳು ವರ್ಷಕ್ಕೆ ನಿಂತ ಬಸಿರು ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಮೂರು ತುಂಬುವ ತನಕ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂಬುದು ನಮ್ಮ ಮನೆಯ ಶಾಸ್ತ್ರ. ಓದಿದವಳು, ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅಮ್ಮನ ಎಲ್ಲ ಶಾಸ್ತ್ರಕ್ಕೂ ಎದುರು ವಾದಿಸಿದವಳು ಇದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ. ಮೈಸೂರಿನಲ್ಲಿರುವ ಅಮ್ಮನಿಗೇ ಹೇಳಿರಲಿಲ್ಲ. ಅತ್ತೆಗೆ ಮೊದಲೇ ಇಲ್ಲ. ಯುಗಾದಿಗೆ ಎಲ್ಲರಿಗೂ ಒಟ್ಟಿಗೆ ವಿಡಿಯೋ ಕಾಲ್ ಮಾಡಿ ಹೇಳುವುದೆಂದು ಇಬ್ಬರೂ ಗುಟ್ಟಾಗಿ ಮಾತಾಡಿಕೊಂಡಿದ್ದೆವು.

ಸಿಹಿ ಸುದ್ದಿ ಹೇಳಿದ್ದರೆ ಕಹಿ ಸುದ್ದಿಯನ್ನೂ ಹೇಳಬಹುದಿತ್ತು. ಬಂದದ್ದೇ ಗೊತ್ತಿಲ್ಲದವರಿಗೆ ಹೋಯಿತು ಎಂದು ಹೇಗೆ ಹೇಳುವುದು? ಅಮ್ಮ ದಿನಾ ಫೋನಿನಲ್ಲಿ "ಊಟ ಆಯ್ತಾ? ಏನ್ ಅಡಿಗೆ?" ಎಂದು ಕೇಳುತ್ತಿದ್ದಳು, ನಾನು ಹುಳಿ, ಪಲ್ಯ ಎಂದು ಒಪ್ಪಿಸುತ್ತಿದ್ದೆ. ಫೋನಿಟ್ಟು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನನಗೆ ಬೇಕಾಗಿದ್ದು ಸಮಾಧಾನವಲ್ಲ. ಅದೊಂದು ಇತ್ತು ಎಂಬುದು ನಮ್ಮಿಬ್ಬರನ್ನು ಬಿಟ್ಟು ಇನ್ನೊಂದು ಜೀವಕ್ಕಾದರೂ ಗೊತ್ತಾಗಬೇಕಿತ್ತು, ಅಷ್ಟೇ. ಅದೊಂದು ಆಗದೆ ಒಳಗೊಳಗೇ ಕುದಿಯುತ್ತಿದ್ದೆ.

ಹೂವಿನ ಪ್ರದರ್ಶನಕ್ಕೆ ನಮ್ಮನ್ನು ಕರೆದದ್ದು ನನ್ನ ಗೆಳತಿ. ಹುಬ್ಬಳ್ಳಿಯವಳು, ಎಂಜಿನಿಯರು, ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದಾಳೆ. ಅವಳ ತಾಯಿ, ನಮಗೆ ಆಂಟಿ, ಆರು ತಿಂಗಳಿಗೆಂದು ಬಂದು ಚಳಿಗಾಲವೆಲ್ಲ ಕಿಟಕಿಯಲ್ಲಿ ಕೂತು ಕಳೆದಿದ್ದರು, ಇನ್ನು ಒಂದು ವಾರದಲ್ಲಿ ಹೊರಡುವವರಿದ್ದರು. ಹೋಗುವ ಮುಂಚೆ ಅವ್ವನಿಗೆ ಅಮೆರಿಕದ ಒಂದಾದರೂ ಹೂವು ತೋರಿಸಬೇಕು ಎಂದು ಗೆಳತಿಯ ಹಟ. ಇನ್ನೂ ಮರಗಳೆಲ್ಲ ಬೋಳಾಗಿದ್ದವು, ಚೆರ್ರಿ ಹೂವಿಗೆ ಬಹಳ ದಿನವಿತ್ತು. ಗಾಜಿನ ಮನೆಯೊಳಗೆ ಟ್ಯೂಲಿಪ್, ಡ್ಯಾಫೊಡಿಲ್‌ಗಳ ಪ್ರದರ್ಶನ ಮಾತ್ರ ಶುರುವಾಗಿತ್ತು. ಅವರ ಕಾರಿನಲ್ಲಿ ಅವರು, ನಮ್ಮ ಕಾರಿನಲ್ಲಿ ನಾವು.

ಆಂಟಿ ಇಳಕಲ್ ಸೀರೆಯ ಮೇಲೆ ಮಗಳ ದಪ್ಪ ಜಾಕೆಟ್ ಹಾಕಿಕೊಂಡು, ಮೇಲೊಂದು ಶಾಲು ಹೊದ್ದು, ಕಾಲಿಗೆ ಸ್ಪೋರ್ಟ್ಸ್ ಶೂ ಏರಿಸಿ ಮಹಾರಾಣಿಯಂತೆ ಇಳಿದರು. ಒಳಗೆ ಹೋದದ್ದೇ ಬಾಗಿಲ ಪಕ್ಕದ ಮೇಜಿನ ಮೇಲೆ ಮಾದರಿಗೆಂದು ಇಟ್ಟಿದ್ದ ಗಡ್ಡೆಗಳನ್ನು ಕಂಡು ನಿಂತುಬಿಟ್ಟರು.

"ಅಯ್ಯ ಶಿವನ! ಉಳ್ಳಾಗಡ್ಡಿ ನೋಡಾಕ ಇಷ್ಟು ದೂರ ಕರಕೊಂಡು ಬಂದಿಯೇನ?"

"ಅವ್ವಾ, ಅದು ಟ್ಯೂಲಿಪ್ ಬಲ್ಬ್. ತಿನ್ನಾಕ ಬರಂಗಿಲ್ಲ," ಎಂದಳು ಗೆಳತಿ.

"ತಿನ್ನಾಕ ಬರಲಿಲ್ಲಂದ್ರ ಗಡ್ಡಿ ಯಾಕ ಬೇಕವಾ?"

ನಾನು ನಕ್ಕೆ. ಬಹಳ ದಿನಗಳ ಮೇಲೆ ನಕ್ಕದ್ದು. ನನ್ನ ಗಂಡ ಅದನ್ನು ಗಮನಿಸಿ, ನೋಡಿದೆಯಾ, ನಾನು ಹೇಳಲಿಲ್ಲವೇ ಎಂಬಂತೆ ನನ್ನ ಕಡೆ ನೋಡಿದ. ತಕ್ಷಣ ನಗು ನಿಂತಿತು. ಅವನ ಮೇಲೆ ಕಾರಣವಿಲ್ಲದೆ ಉರಿಯಿತು.

ಎಲ್ಲಿ ಬೋರ್ಡ್ ಕಂಡರೂ ನಿಂತು ಓದುವ ಜಾತಿ ಅವನದು. ಓದಿ ಆಂಟಿಗೆ ಕನ್ನಡದಲ್ಲಿ ವಿವರಿಸಿದ: ಈ ಗಡ್ಡೆಗಳನ್ನು ತಿಂಗಳುಗಟ್ಟಲೆ ಕತ್ತಲಲ್ಲಿ, ಥಂಡಿ ಕೋಣೆಯಲ್ಲಿ ಇಡುತ್ತಾರೆ. ಆಮೇಲೆ ಬೆಚ್ಚಗಿನ ಜಾಗಕ್ಕೆ ತಂದರೆ ಚಳಿಗಾಲ ಮುಗಿಯಿತೆಂದು ನಂಬಿ ಕಾಲಕ್ಕೆ ಮುಂಚೆಯೇ ಹೂ ಬಿಡುತ್ತವೆ. "ಪಾಪ, ಮೋಸ ಅಲ್ಲೇನ್ರಿ ಅದು?" ಎಂದರು ಆಂಟಿ. ನನ್ನ ಮೈಯೂ ಇನ್ನೂ ನಂಬಿಕೊಂಡೇ ಕೂತಿತ್ತು. ಹೊಟ್ಟೆಯಲ್ಲಿ ಏನೂ ಇಲ್ಲವೆಂಬ ಸುದ್ದಿ ಮೂಗಿಗೆ, ಎದೆಗೆ ಮುಟ್ಟಿರಲಿಲ್ಲ. ಬೆಳಗಿನ ಒಗ್ಗರಣೆಯ ಸಾಸಿವೆ ಸಿಡಿದರೂ ಹೊಟ್ಟೆ ತೊಳಸುತ್ತಿತ್ತು.

ಒಳಗಿನ ಹಾಲ್‌ನಲ್ಲಿ ಹಯಸಿಂತ್ ಇಟ್ಟಿದ್ದರು. ನೀಲಿ, ಗುಲಾಬಿ, ಬಿಳಿ, ಸಾಲುಸಾಲು ಕುಂಡಗಳು. ಜನ ಬಗ್ಗಿಬಗ್ಗಿ ಮೂಸಿ ಆಹಾ ಎನ್ನುತ್ತಿದ್ದರು. ನನಗೆ ಆ ಘಮಲು ಹೊಡೆದದ್ದೇ ಗಂಟಲಿಗೆ ಬಂತು. ಮೂಗಿಗೆ ಮಫ್ಲರ್ ಒತ್ತಿಕೊಂಡು ಹೊರಬಾಗಿಲ ಹತ್ತಿರ ಓಡಿದೆ. ಹಿಂದೆಯೇ ನನ್ನ ಗಂಡ ನೀರಿನ ಬಾಟಲಿ ಹಿಡಿದು ಓಡಿಬಂದ. ತಿರುಗಿ ನೋಡಿದರೆ ಆಂಟಿ ಹೂವು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಹೊರಗೆ ಬಿಸಿಲಿತ್ತು, ಬಿಸಿಲಿಗೆ ಬಿಸಿಯಿರಲಿಲ್ಲ. ಪಿಕ್ನಿಕ್ ಮೇಜಿನ ಮೇಲೆ ಡಬ್ಬಿಗಳನ್ನು ಬಿಚ್ಚಿದೆವು. ಆಂಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ತಂದಿದ್ದರು. ನಾನು ಮೊಸರನ್ನ ಕಲಸಿದ್ದೆ. ಗೆಳತಿ ಅನಾನಸ್ ಹೋಳಿನ ಡಬ್ಬಿ ತೆಗೆದು ಎಲ್ಲರ ತಟ್ಟೆಗೂ ಹಾಕುತ್ತ ಬಂದಳು. ನನ್ನ ತಟ್ಟೆಗೆ ನಾಲ್ಕು ಹೋಳು ಬಿದ್ದವು.

ಆಗ ನನ್ನ ಗಂಡನ ಕೈ ಅಡ್ಡ ಬಂತು. ಅವನು ಗೆಳತಿಯ ಜೊತೆ ಆಶ್‌ಬರ್ನ್‌ನಲ್ಲಿ ಮನೆ ಬೆಲೆ ಏನಾಗಿದೆ ಎಂದೇನೋ ಮಾತಾಡುತ್ತಿದ್ದ. ಮಾತು ನಿಲ್ಲಿಸದೆ, ನನ್ನ ಕಡೆ ನೋಡಲೂ ಇಲ್ಲದೆ, ಆ ಹೋಳುಗಳನ್ನು ತೆಗೆದು ತನ್ನ ತಟ್ಟೆಗೆ ಹಾಕಿಕೊಂಡ. "ಅವ್ಳಿಗೆ ಬೇಡ," ಎಂದ, ಮತ್ತೆ ಮನೆ ಬೆಲೆಗೆ ಹೋದ. ಪರಂಗಿ, ಅನಾನಸ್ ಬಸಿರಿಗೆ ಆಗದು ಎಂದು ಎಲ್ಲೋ ಕೇಳಿಕೊಂಡು ಬಂದು, ಜನವರಿಯೆಲ್ಲ ಅವನು ಹೀಗೆಯೇ ಕಾವಲು ಕಾದಿದ್ದ. ಕೈಗೆ ರೂಢಿಯಾಗಿತ್ತು. ಕಾಯಬೇಕಾದದ್ದು ಹೋದ ಮೇಲೂ ಕಾಯುತ್ತಿತ್ತು.

ಆಂಟಿ ರೊಟ್ಟಿ ಮುರಿಯುವುದನ್ನು ಬಿಟ್ಟು ಅವನ ತಟ್ಟೆ ನೋಡಿದರು, ನನ್ನ ಮುಖ ನೋಡಿದರು. ಊಟ ಮುಗಿದದ್ದೇ, "ನೀವಿಬ್ರೂ ಹೋಗಿ ಚಾ ತಗೊಂಡು ಬರ್ರಿ, ಕೈಕಾಲು ಸೆಟದು ಹ್ವಾದ್ವು," ಎಂದು ಮಗಳನ್ನೂ ನನ್ನ ಗಂಡನನ್ನೂ ಕಳಿಸಿದರು. ಅವರು ಆಚೆ ಹೋದ ಮೇಲೆ ನನ್ನ ಪಕ್ಕಕ್ಕೆ ಸರಿದು ಕೂತರು.

"ನೋಡವಾ, ನಾ ಮೂರು ಹಡದಾಕಿ. ನನ್ನ ಕಣ್ಣಿಗೆ ಮಣ್ಣೆರಚಾಕ ಆಗಂಗಿಲ್ಲ. ಎಷ್ಟರಾಗ ಅದಿ?"

ನಾನು ತಲೆ ತಗ್ಗಿಸಿದೆ. ಹೇಳಿಬಿಡು, ಹೇಳಿಬಿಡು ಎಂದು ಒಳಗೆ ಬಡಿದುಕೊಳ್ಳುತ್ತಿತ್ತು. ಮೊಸರನ್ನದ ಡಬ್ಬಿಗೆ ಮುಚ್ಚಳ ಹಾಕಿದೆ. ತಲೆ ತಗ್ಗಿಸಿ ಕೂತ ಹೆಂಗಸು ನಮ್ಮಲ್ಲಿ ಹೌದು ಎಂದೇ ಲೆಕ್ಕ.

"ನಾಚಬ್ಯಾಡ ಬಿಡ. ಯಾವಾಗ ದಿನಾ ತುಂಬತಾವ?"

"ಸೆಪ್ಟೆಂಬರ್," ಎಂದೆ.

ಅದು ಸುಳ್ಳಲ್ಲ. ಡಾಕ್ಟರು ಹೇಳಿದ್ದ ತಿಂಗಳೇ ಅದು. ಆದರೆ ಅದು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಆಂಟಿ ಬೆರಳು ಮಡಿಸಿ ಎಣಿಸಿ, "ಗಣಪ್ಪನ ಹಬ್ಬದ ಹೊತ್ತಿಗೆ!" ಎಂದು ನನ್ನ ಎರಡೂ ಕೆನ್ನೆ ಸವರಿ ಲಟಿಕೆ ಮುರಿದರು. "ಮೂರು ತುಂಬಲಿ. ನೀನಾಗೇ ಹೇಳೂತನಕ ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ, ಮಗಳ ಮುಂದೂ ಇಲ್ಲ. ಆದ್ರ ನಿನ್ನ ಕುಬಸಕ್ಕ ನಾ ಇರಂಗಿಲ್ಲಲ್ಲವಾ, ಏನು ಮಾಡ್ಲಿ?"

ಅವರ ಕಡೆ ಸೀಮಂತಕ್ಕೆ ಕುಬಸ ಎನ್ನುತ್ತಾರೆ. ಆಂಟಿ ತಮ್ಮ ಕೈಚೀಲವನ್ನೆಲ್ಲ ತಡಕಾಡಿದರು. ಎರಡು ಕಿತ್ತಳೆ ಸಿಕ್ಕವು, ಮಂಡಿನೋವಿಗೆ ತಿನ್ನಲೆಂದು ಇಟ್ಟುಕೊಂಡಿದ್ದ ಉತ್ತತ್ತಿ ಒಂದು ಹಿಡಿ ಸಿಕ್ಕಿತು. "ಅಕ್ಕಿ ಇಲ್ಲ, ಕಾಯಿ ಇಲ್ಲ. ದೇವರಿಗೆ ಗೊತ್ತಾಗತೈತಿ. ಉಡಿ ಒಡ್ಡು."

ಜೀನ್ಸ್ ಹಾಕಿದವಳಿಗೆ ಎಲ್ಲಿಯ ಉಡಿ? ಜಾಕೆಟ್ಟಿನ ಅಂಚು ಹಿಡಿದೆ, ಅದು ಜಾರುತ್ತಿತ್ತು. ಆಂಟಿ ತಮ್ಮ ಶಾಲು ತೆಗೆದು ನನ್ನ ತೊಡೆಯ ಮೇಲೆ ಹಾಸಿ, ಅದರ ತುದಿಗಳನ್ನು ನನ್ನ ಕೈಗೆ ಕೊಟ್ಟು, ಕಿತ್ತಳೆ, ಉತ್ತತ್ತಿ ಹಾಕಿದರು. ಬರಿದಾದ ಹೊಟ್ಟೆಯ ಮುಂದೆ ತುಂಬಿದ ಉಡಿ. ಈ ಮುದುಕಿಗೆ ನಾನು ಮಾಡುತ್ತಿರುವುದು ಎಂಥದು ಎಂದು ಹೇಸಿಗೆಯಾಯಿತು. ನಿಜ ಹೇಳಬೇಕೆಂದರೆ ಸಂತೋಷವೂ ಆಯಿತು, ಹಾಳಾದ್ದು, ನಾಚಿಕೆಗೆಟ್ಟ ಸಂತೋಷ. ನನ್ನ ಕೂಸಿಗೆ ಒಬ್ಬರಾದರೂ ಒಂದು ಶಾಸ್ತ್ರ ಮಾಡಿದರಲ್ಲ ಎನಿಸಿತು. ಆಂಟಿ ನನ್ನ ತಲೆ ಮೇಲೆ ಕೈಯಿಟ್ಟು, "ಸುಖವಾಗಿ ಎರಡು ಜೀವ ಬ್ಯಾರೆ ಆಗಲಿ," ಎಂದರು. ನನ್ನ ಕಣ್ಣೀರು ಧಾರೆಯಾಗಿ ಇಳಿಯಿತು. ತವರು ನೆನಪಾಯಿತೇನೋ ಎಂದುಕೊಂಡು ಅವರೂ ಕಣ್ಣೊರೆಸಿಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ಶಾಲು ಇನ್ನೂ ನನ್ನ ತೊಡೆಯ ಮೇಲಿತ್ತು. ಅವಳಿಗೆ ಚಳಿ ಎಂದು ಮಗಳಿಗೆ ಸಬೂಬು ಹೇಳಿ ಆಂಟಿ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ, ಉಡಿಯನ್ನು ದಾರಿಯಲ್ಲಿ ಬಿಚ್ಚಬಾರದಂತೆ.

"ಹೇಳಿದ್ಯಾ ಅವ್ರಿಗೆ?" ಎಂದು ಕೇಳಿದ ನನ್ನ ಗಂಡ. ದನಿಯಲ್ಲಿ ಆಸೆಯಿತ್ತು.

"ಇಲ್ಲ."

"ಮತ್ತೆ ಇದೆಲ್ಲ ಏನು?"

"ನೀನು ಪೈನಾಪಲ್ ಎತ್ಕೊಂಡ್ಯಲ್ಲ. ಅದ್ರಲ್ಲೇ ಅವ್ರಿಗೆ ಗೊತ್ತಾಯ್ತು."

ಅವನಿಗೆ ಮೊದಲು ತಿಳಿಯಲಿಲ್ಲ. "ಯಾವ ಪೈನಾಪಲ್?" ಎಂದ. ಅಷ್ಟರಲ್ಲಿ ಸಿಗ್ನಲ್ ಹಸಿರಾಯಿತು, ಕಾರು ಕದಲಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಅವನು ಹೇಗೋ ಪಕ್ಕದ ಗ್ಯಾಸ್ ಸ್ಟೇಷನ್ನಿಗೆ ತಿರುಗಿಸಿ ನಿಲ್ಲಿಸಿದ. "ನಂಗೆ ಗೊತ್ತೇ ಆಗ್ಲಿಲ್ಲ ಕಣೆ. ಕೈ ತಾನಾಗೇ ಹೋಯ್ತು," ಎಂದು ಸ್ಟೀರಿಂಗಿಗೆ ಹಣೆಯಿಟ್ಟು ಅತ್ತ. ಆಸ್ಪತ್ರೆಯಲ್ಲಿ ಅಳದವನು, ಮನೆಗೆ ಬಂದು ಬೆಡ್‌ಶೀಟ್ ಒಗೆದು ಹಾಕಿದಾಗ ಅಳದವನು, ಅಲ್ಲಿ ಪೆಟ್ರೋಲ್ ವಾಸನೆಯ ನಡುವೆ ಎಳೆ ಹುಡುಗನಂತೆ ಅತ್ತ. ಅವನ ಬೆನ್ನ ಮೇಲೆ ಕೈಯಿಡಬೇಕಿತ್ತು. ಇಡಲಾಗಲಿಲ್ಲ. ಶಾಲಿನ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನೋಡುತ್ತ ಕೂತಿದ್ದೆ.

ಆಂಟಿ ಊರಿಗೆ ಹೋದರು. ಕಿತ್ತಳೆಗಳನ್ನು ತಿನ್ನಲೂ ಆಗದೆ ಎಸೆಯಲೂ ಆಗದೆ ಫ್ರಿಜ್ಜಿನಲ್ಲಿಟ್ಟಿದ್ದೆ, ಒಣಗಿ ಕಲ್ಲಾದ ಮೇಲೆ ನನ್ನ ಗಂಡ ಏನೂ ಹೇಳದೆ ಎಲ್ಲೋ ತೆಗೆದುಕೊಂಡು ಹೋಗಿ ಹಾಕಿ ಬಂದ. ಗೆಳತಿಗೆ ಹೇಳಬೇಕೆಂದು ನಾಲ್ಕಾರು ಸಲ ಅವಳ ಮನೆವರೆಗೂ ಹೋಗಿ ಸುಮ್ಮನೆ ಕಾಫಿ ಕುಡಿದು ಬಂದೆ. ಯುಗಾದಿಗೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. ಹೋಳಿಗೆ ತೋರಿಸಿದೆವು.

ಗಣಪತಿ ಹಬ್ಬದ ಬೆಳಿಗ್ಗೆ ನಾನು ಕಡುಬಿಗೆ ಹಿಟ್ಟು ಕಲಸುತ್ತಿದ್ದಾಗ ಫೋನಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಪಟಾಕಿಯ ಸದ್ದು, ಮುಂದೆ ಆಂಟಿಯ ದನಿ.

"ಯವ್ವಾ, ಆರಾಮ ಅದಿ? ಹಡದೇನ? ಮಗಳು ತಾನಾಗಿ ಏನೂ ಹೇಳಲಿಲ್ಲ, ಆಕಿನ್ನ ಕೇಳೋಣಂದ್ರ, ಯಾರ ಮುಂದೂ ಹೇಳಂಗಿಲ್ಲಂತ ನಿನಗ ಮಾತು ಕೊಟ್ಟೀನಿ, ಇವತ್ತಿಗೂ ಬಾಯಿ ಬಿಟ್ಟಿಲ್ಲ ನೋಡು. ನಿನ್ನ ಕೂಸಿನ ತಲಿಗಂತ ಕುಂಚಿಗಿ ಹೊಲದೀನಿ. ಅಂಚಿಗೆ ಝರಿ ಹಚ್ಚೂದು ಅಷ್ಟ ಉಳದೈತಿ. ಗಂಡೋ ಹೆಣ್ಣೋ ಹೇಳವಾ, ಹಚ್ಚಿ ಕಳಸ್ತೀನಿ."

ಇಡೀ ಲೋಕದಲ್ಲಿ ನನ್ನ ಕೂಸಿನ ದಾರಿ ಕಾದವರು ಅವರೊಬ್ಬರೇ. ಹಿಟ್ಟಿನ ಕೈಯಲ್ಲೇ ಫೋನು ಎತ್ತಿಕೊಂಡು ಬಟನ್ ಒತ್ತಿದೆ. ಅಮ್ಮನಿಗೆ ಹೇಳದ್ದನ್ನು, ಗೆಳತಿಗೆ ಹೇಳದ್ದನ್ನು ಅಂತೂ ಆಗ ಹೇಳಿದೆ.

"ಆಂಟಿ, ಗಂಡೋ ಹೆಣ್ಣೋ ನಮಗೂ ಗೊತ್ತಾಗ್ಲಿಲ್ಲ. ನೀವು ಉಡಿ ತುಂಬಿದಾಗ್ಲೇ ಅದು ಇರ್ಲಿಲ್ಲ."

ಕೇಳಿದರು ಎಂದು ನೀಲಿ ಗುರುತು ಬಂತು. ಆಂಟಿ ರೆಕಾರ್ಡ್ ಮಾಡುತ್ತಿದ್ದಾರೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು, ಮತ್ತೆ ನಿಂತಿತು. ಕಡುಬಿನ ಹಿಟ್ಟು ಕೈಮೇಲೆ ಒಣಗುವ ತನಕ ಅಲ್ಲೇ ನಿಂತಿದ್ದೆ. ಏನೂ ಬರಲಿಲ್ಲ.