ಮೊದಲು ಒಂದು ವೇಬ್ರಿಡ್ಜ್

ಹೊಸ ಸಾಫ್ಟ್‌ವೇರ್ ಬಿಡುವ ದಿನ ನಮ್ಮ ಟೀಮ್ ಲೀಡರ್ ರೇಣುಕಕ್ಕ ಆಫೀಸಿಗೇ ಬರುತ್ತಿರಲಿಲ್ಲ. ಬುತ್ತಿ ಕಟ್ಟಿಕೊಂಡು ಹೊಸಪೇಟೆಯಿಂದ ಸಂಡೂರು ಬಸ್ಸು ಹತ್ತಿ, ಯಶವಂತನಗರದಲ್ಲಿ ಅದಿರು ಲಾರಿ ತೂಗುವ ವೇಬ್ರಿಡ್ಜ್‌ನ ಕ್ಯಾಬಿನ್ನಿನಲ್ಲಿ ಹೋಗಿ ಕೂರುತ್ತಿದ್ದಳು. ಲಾರಿಗಳ ತೂಕ ಬರೆದು ಪಾಸ್ ಕೊಡುವ ಸಾಫ್ಟ್‌ವೇರ್ ನಮ್ಮದು. ಸಂಜೆ ಕೆಂಪು ಧೂಳು ಮೆತ್ತಿದ ಸೀರೆಯಲ್ಲಿ ವಾಪಸ್ ಬಂದು, ನಮ್ಮ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು.

ಬೆಳಗಿನ ಮೀಟಿಂಗಿನಲ್ಲಿ ಯಾರಿಗೂ ಕುರ್ಚಿ ಇಲ್ಲ. "ಕುಂತ್ರ ಮನಿ ಸುದ್ದಿ ಶುರುವಾಗ್ತೈತಿ. ಎಲ್ಲಿ ಸಿಕ್ಕಂಡೀರಿ, ಅಷ್ಟ ಹೇಳ್ರಿ" ಅನ್ನುತ್ತಿದ್ದಳು. ಯಾರಾದರೂ ಕೆಲಸ ಹೆಚ್ಚೂಕಮ್ಮಿ ಮುಗಿದಿದೆ ಅಂದರೆ, "ಆಗಿಲ್ಲ ಅಂತ ಬರ್ಕೋ" ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ಹೊಸದನ್ನು ಹಾಕುವ ಮೊದಲು ಹಳೆಯದಕ್ಕೆ ಮರಳುವುದನ್ನು ನಮ್ಮಿಂದ ಮತ್ತೆ ಮತ್ತೆ ಮಾಡಿಸುತ್ತಿದ್ದಳು. "ಹಾಕೋದು ಯಾರ್ ಬೇಕಾದ್ರೂ ಹಾಕ್ತಾರ. ತೆಗೆಯೋದು ಕಲೀರಿ ಮೊದ್ಲ." ಆಗೆಲ್ಲ ನನಗೆ ಭಾರೀ ಬೇಜಾರಾಗುತ್ತಿತ್ತು.

ಒಂದು ಸಲ ಗಣಿಯ ಅಧಿಕಾರಿಗಳು ಹೊಸ ಸಾಫ್ಟ್‌ವೇರ್ ನೋಡಲು ಬರುವವರಿದ್ದರು. ನಮ್ಮ ಮಾಲೀಕರಿಗೆ ಅವಸರ.

"ಎಲ್ಲಾ ವೇಬ್ರಿಡ್ಜಿಗೂ ಒಮ್ಮೆಗೇ ಹಾಕಿಬಿಡಮ್ಮ. ಆಗಲ್ಲಂದ್ರ ಲೀಡರ್ ಮಾಡಾಕ ಬ್ಯಾರೇರನ್ನ ನೋಡ್ಕಂತೀನಿ."

"ನೋಡ್ಕಳ್ರಿ ಸರ್. ನಾ ಇರೋತನ ಮೊದ್ಲ ಒಂದಕ್ಕ ಹಾಕ್ತೀನಿ. ಅಲ್ಲಿ ಎಲ್ಲಾ ಶಿಫ್ಟೂ ದಾಟಿದ ಮ್ಯಾಲೆ ಉಳಿದವು."

ಹಾಗೇ ಮಾಡಿದಳು. ಶಿಫ್ಟ್ ಬದಲಾಗುವ ಹೊತ್ತಿಗೆ ಯಶವಂತನಗರದಿಂದ ಅಕ್ಕನ ಫೋನ್ ಬಂತು. ಹಿಂದೆ ಲಾರಿಗಳ ಹಾರ್ನ್ ಕಿವಿಗೆ ಬಡಿಯುತ್ತಿತ್ತು. ಆದದ್ದಿಷ್ಟು: ಪ್ರತಿಯೊಬ್ಬರೂ ತಮ್ಮ ತಮ್ಮ ಪಾಸ್‌ವರ್ಡ್ ಹಾಕಬೇಕೆಂದು ನಾವು ಬದಲಾಯಿಸಿದ್ದೆವು. ಆ ಕ್ಯಾಬಿನ್ನಿನಲ್ಲೋ, ಮೊದಲಿನಿಂದಲೂ ಎಲ್ಲ ಶಿಫ್ಟಿನವರೂ ಬೆಳಗಿನ ಶಿಫ್ಟಿನ ಹುಲಗಪ್ಪನ ಹೆಸರಿನಲ್ಲೇ ಕೆಲಸ ಮಾಡುತ್ತಿದ್ದರು. ಅವನು ಮನೆಗೆ ಹೋದ ಕೂಡಲೇ ಸಾಫ್ಟ್‌ವೇರ್ ಮುಚ್ಚಿಕೊಂಡಿತ್ತು; ಮುಂದಿನ ಶಿಫ್ಟಿನವರಿಗೆ ತಮ್ಮ ಪಾಸ್‌ವರ್ಡ್ ಹಾಕಲು ಬರುತ್ತಿರಲಿಲ್ಲ. ತುಂಬಿದ ಲಾರಿ ವೇಬ್ರಿಡ್ಜಿನ ಮೇಲೇ ನಿಂತಿತ್ತು.

"ಲೇ ಸವಿತಾ, ಹಳೇದು ವಾಪಸ್ ಹಾಕು. ಗಾಬರಿ ಬ್ಯಾಡ, ಕಲ್ತಂಗ ಮಾಡು."

ಹಾಗೇ ಮಾಡಿದೆ. ಡ್ರೈವರುಗಳು ಚಹಾ ಕುಡಿದು ಬರುವಷ್ಟರಲ್ಲಿ ಲಾರಿಗಳು ಮತ್ತೆ ಹೊರಟವು. ಎಲ್ಲ ಕಡೆ ಹಾಕಿದ್ದರೆ ಸಂಡೂರಿನ ರಸ್ತೆಯೇ ಕಟ್ಟಿಕೊಳ್ಳುತ್ತಿತ್ತು.

ಮಾಲೀಕರ ಕಣ್ಣಿಗೆ ಅದು ಬೀಳಲಿಲ್ಲ. ಅಧಿಕಾರಿಗಳಿಗೆ ತೋರಿಸಲು ಹೊಸದು ಇರಲಿಲ್ಲ, ಅಷ್ಟೇ ಅವರಿಗೆ ಕಂಡದ್ದು. ಅಕ್ಕನನ್ನು ಇಳಿಸಿ ನನ್ನನ್ನು ಲೀಡರ್ ಮಾಡಿದರು. ನನಗೆ ಮೈಯೆಲ್ಲ ಉರಿಯಿತು.

"ನಾ ಒಲ್ಲೆ ಅಂತೀನಕ್ಕಾ."

"ಒಲ್ಲೆ ಅನಬ್ಯಾಡ. ನೀ ಬಿಟ್ರ, ಎಲ್ಲಾ ಕಡೆ ಒಮ್ಮೆಗೇ ಹಾಕೋರನ್ನ ತಂದು ಕುಂದ್ರಸ್ತಾರ."

ಆಮೇಲೂ ಅವಳು ಮುಖ ಗಂಟು ಹಾಕಿಕೊಳ್ಳಲಿಲ್ಲ. ನನ್ನ ಕೈಕೆಳಗೇ ಕೆಲಸ ಮಾಡಿದಳು. ಒಂದೊಂದು ಕ್ಯಾಬಿನ್ನಿಗೂ ಹೋಗಿ, ಪ್ರತಿ ಶಿಫ್ಟಿನವರಿಗೂ ಅವರವರ ಪಾಸ್‌ವರ್ಡ್ ಹಾಕುವುದನ್ನು ಕಲಿಸಿಬಂದಳು. ಆ ಕೆಲಸ ಮುಗಿದ ಮೇಲೆ ತೋರಣಗಲ್ಲಿನಲ್ಲಿ ಬೇರೆ ನೌಕರಿ ಹಿಡಿದಳು. ಹೋಗುವ ದಿನ ನಾನು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅತ್ತೆ. "ಸಾಕು, ನಡಿ, ಕೆಲಸ ಐತಿ" ಎಂದು ನನ್ನನ್ನು ಆಫೀಸಿಗೆ ಅಟ್ಟಿದಳು.

ಮರುದಿನ ಮಾಲೀಕರು ನಗುನಗುತ್ತಾ ನನ್ನ ಮೇಜಿನ ಹತ್ತಿರ ಬಂದರು.

"ಸವಿತಾ, ಈಗಂತೂ ಎಲ್ಲಾ ಸರಿ ಆಗೈತಲ್ಲ? ಎಲ್ಲಾ ಕಡೆ ಒಮ್ಮೆಗೇ ಹಾಕಿಬಿಡು."

ಅಕ್ಕ ಇದ್ದಿದ್ದರೆ ಅವಳ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅವಳ ಕುರ್ಚಿ ಖಾಲಿ ಇತ್ತು. ಟೀಮಿನವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಸರ್. ಮೊದ್ಲ ಒಂದಕ್ಕ" ಅಂದೆ.