ನೀರು ಕುದಿಯುವಷ್ಟರೊಳಗೆ

ಕಿನುಯೊ ಸಾನ್ ನಡೆಸುವ ಸಭೆಯಲ್ಲಿ ಕುರ್ಚಿ ಇಲ್ಲ. ಜಪಾನಿನ ತೊಯಾಮಾದಲ್ಲಿ ಶಾಲೆಗೆ ಊಟ ಕಳಿಸುವ ಆ ಅಡುಗೆಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ದೊಡ್ಡ ಹಂಡೆಗೆ ನೀರು ತುಂಬಿ ಒಲೆ ಹಚ್ಚುತ್ತಾರೆ. ಒಂಬತ್ತು ಜನ ಅದರ ಸುತ್ತ ನಿಲ್ಲುತ್ತಾರೆ. ನೀರು ಕುದಿಯಿತೋ, ಸಭೆ ಮುಗಿಯಿತು. ಎಲ್ಲರಿಗಿಂತ ಹೊಸಬರು ಮೊದಲು ಮಾತಾಡಬೇಕು, ಇವತ್ತು ಕಣ್ಣಿಗೆ ಬಿದ್ದದ್ದು ಒಂದನ್ನಾದರೂ ಹೇಳಬೇಕು. ಸುಮ್ಮನೆ ‘ಹೂಂ’ ಅಂದರೆ ನಡೆಯುವುದಿಲ್ಲ.

ಹಿಂದಿನ ಮೇಲ್ವಿಚಾರಕರ ಕಾಲದ ಸಭೆಯನ್ನಂತೂ ಕೇಳಲೇಬೇಡಿ. ಮುಕ್ಕಾಲು ಗಂಟೆ ಕೂತು, ಚಹಾ ಕುಡಿದು, ಅವರು ಕಾಗದ ಓದುವುದು, ಉಳಿದವರು ಒಟ್ಟಿಗೆ ಹೂಂಗುಟ್ಟುವುದು. ದೇವರೇ, ಎಷ್ಟು ಹೂಂ! ಹಾಗೆ ಹೂಂಗುಟ್ಟಿದ ಒಂದು ದಿನವೇ ಮೊಟ್ಟೆ ಒಗ್ಗದ ಹುಡುಗಿಯೊಬ್ಬಳ ಬಟ್ಟಲಿಗೆ ಮೊಟ್ಟೆ ಸೇರಿ, ಶಾಲೆಗೆ ಆಂಬ್ಯುಲೆನ್ಸ್ ಬಂದಿತ್ತು. ಮಗು ಉಳಿಯಿತು, ಪುಣ್ಯ. ಮರುವರ್ಷ ಹೊಣೆ ಅಲ್ಲೇ ಕೆಲಸಕ್ಕಿದ್ದ ಕಿನುಯೊ ಅವರಿಗೆ ಬಂತು. ಮೊದಲ ದಿನವೇ ಕುರ್ಚಿಗಳನ್ನೆಲ್ಲ ಉಗ್ರಾಣಕ್ಕೆ ಹಾಕಿಸಿದರು. ಯಾಕಿಷ್ಟು ಹಠ ಎಂದು ಕೇಳಿದವರಿಗೆ ಹನ್ನೊಂದು ವರ್ಷ ಉತ್ತರ ಕೊಟ್ಟಿರಲಿಲ್ಲ.

ಈ ಚಳಿಗಾಲದ ಹೊಸಬರು ಕುವಾಬಾರಾ ಸಾನ್. ಬ್ಯಾಂಕಿನಿಂದ ನಿವೃತ್ತರಾಗಿ ತರಕಾರಿ ತೊಳೆಯಲು ಬಂದವರು. ಮಾತೆಂದರೆ ಜೀವ ಹೋದಂತೆ ಆಡುತ್ತಿದ್ದರು.

“ಕುವಾಬಾರಾ ಸಾನ್, ಹೇಳಿ.”

“ನಂದೇನಿಲ್ಲ ಬಿಡಿ.”

“‘ಏನಿಲ್ಲ’ ಅನ್ನೋದು ಇಲ್ಲಿ ಬೇಯಲ್ಲ. ಕಾಯ್ತೀನಿ,” ಎಂದರು ಕಿನುಯೊ.

ಹಂಡೆಯ ತಳದಲ್ಲಿ ನೀರು ಗುಂಯ್‌ಗುಡತೊಡಗಿತು. ಹದಿನೈದು ವರ್ಷದಿಂದ ಸೌಟು ಹಿಡಿದಿರುವ ಸಾತ್ಸುಕಿಗೆ ತಡೆಯಲಾಗಲಿಲ್ಲ. “ಬಾಯಿಗೂ ಲಾಕರ್ ಇದೆಯಾ? ಬೀಗದಕೈ ಮನೇಲಿ ಬಿಟ್ಟು ಬಂದ್ರಾ?”

ಎಲ್ಲರೂ ನಕ್ಕರು. ಕುವಾಬಾರಾರ ಕಿವಿ ಕೆಂಪಾಯಿತು. “ಅಲ್ಲ... ಆ ಚಿಕುವಾ ಪೊಟ್ಟಣ. ಹೋದ ವಾರ ನೀಲಿ ಅಕ್ಷರ ಇತ್ತು. ಇವತ್ತು ಹಸಿರು. ಅಷ್ಟೇ. ಸುಮ್ನೆ ಹೇಳ್ದೆ.”

“ಅಬ್ಬಬ್ಬಾ, ನೀಲಿ ಹಸಿರು ಗೊತ್ತಾಗೋ ಗಂಡಸು ಕೊನೆಗೂ ಸಿಕ್ಕಿದ್ರು!” ಎಂದಳು ಸಾತ್ಸುಕಿ.

ಕಿನುಯೊ ನಗಲಿಲ್ಲ. ಓಡಿಹೋಗಿ ಪೊಟ್ಟಣ ತಂದು, ಕನ್ನಡಕ ಏರಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದರು. ಮೀನು ಅರೆದು ಮಾಡುವ ಚಿಕುವಾಕ್ಕೆ ಕೆಲವರು ಮೊಟ್ಟೆಯ ಬಿಳಿ ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಮಾಮೂಲಿನದು ಮುಗಿದಿತ್ತೆಂದು ಅಂಗಡಿಯವನು ಬೇರೆಯದನ್ನು ಕಳಿಸಿದ್ದ. ಇದರಲ್ಲಿ ಮೊಟ್ಟೆ ಇತ್ತು. ಎರಡನೇ ತರಗತಿಯ ಇಬುಕಿಗೆ ಮೊಟ್ಟೆ ನಾಲಿಗೆಗೆ ತಾಗಿದರೂ ಉಸಿರು ಕಟ್ಟುತ್ತದೆ. ಅವನಿಗೆಂದೇ ಬೇರೆ ಬೇಯಿಸುವ ಪುಟ್ಟ ಪಾತ್ರೆಗೂ ಇವತ್ತು ಬೀಳಬೇಕಾಗಿದ್ದದ್ದು ಇದೇ ಚಿಕುವಾ.

“ಇಬುಕಿ ಪಾತ್ರೆಗೆ ತೋಫು ಹಾಕಿ. ಚಾಕು, ಮಣೆ ಎಲ್ಲಾ ಬೇರೆ. ಶಾಲೆಗೆ ನಾನೇ ಫೋನ್ ಮಾಡ್ತೀನಿ.” ಹಾಗೆನ್ನುತ್ತಲೇ ಕಿನುಯೊ ಫೋನಿನತ್ತ ನಡೆದರು.

ಮಧ್ಯಾಹ್ನ ಎರಡಕ್ಕೆ ಬಟ್ಟಲುಗಳು ವಾಪಸು ಬಂದವು. ಹಳದಿ ಮುಚ್ಚಳದ್ದು ಇಬುಕಿಯದು. ಒಂದು ಗಜ್ಜರಿ ತುಂಡು ಬಿಟ್ಟು ಉಳಿದದ್ದೆಲ್ಲ ಖಾಲಿ. ಆ ತುಂಡನ್ನು ನೋಡಿಯೇ ಕಿನುಯೊ ಅವರಿಗೆ ಕಣ್ಣು ತುಂಬಿ ಬಂತು. ನಲ್ಲಿಯ ಹತ್ತಿರ ನಿಂತಿದ್ದ ಕುವಾಬಾರಾರ ಮುಂದೆ ಹೋಗಿ ಸೊಂಟ ಬಗ್ಗಿಸಿ ನಮಿಸಿದರು.

“ನಿಮ್ಮ ಉಪಕಾರ ನಾನು ಮರೆಯಲ್ಲ.”

“ಛೆ ಛೆ, ತಲೆ ಎತ್ತಿ. ನೀವು ಕಾಯದೇ ಇದ್ದಿದ್ರೆ ನಾನು ಬಾಯೇ ಬಿಡ್ತಿರ್ಲಿಲ್ಲ.”

ಮರುದಿನ ಬೆಳಿಗ್ಗೆ ಎಂಟು ಜನರ ಮಾತು ಬೇಗ ಮುಗಿಯಿತು. ಕೊನೆಯ ಸರದಿ ಎಂದಿನಂತೆ ಕಿನುಯೊ ಅವರದು.

“ಆ ಹುಡುಗಿಗೆ ಆಂಬ್ಯುಲೆನ್ಸ್ ಬಂದ ದಿನ,” ಎಂದರು, “ಪೊಟ್ಟಣ ಬದಲಾಗಿದ್ದು ನಾನು ನೋಡಿದ್ದೆ. ಸಭೆ ಒಂದು ಮುಗಿದ್ರೆ ಸಾಕಾಗಿತ್ತು. ನಾನೂ ಹೂಂ ಅಂದೆ.”

ಕನ್ನಡಕ ತೆಗೆದು ಏಪ್ರನ್ನಿನಲ್ಲಿ ಒರೆಸತೊಡಗಿದರು. ಅಷ್ಟರಲ್ಲಿ ನೀರು ಕುದಿಯಿತು. ಯಾರೂ ಕದಲಲಿಲ್ಲ. ಸಾತ್ಸುಕಿ ಕೈ ಚಾಚಿ ಉರಿ ಸಣ್ಣ ಮಾಡಿದಳು.

“ಹೇಳಿ, ಕಿನುಯೊ ಸಾನ್. ಕಾಯ್ತೀವಿ.”