ಜಾಡಿಗೆ ಹಿಡಿದ ಬೂಷ್ಟು

ಹೊಳಲಿನ ನಮ್ಮ ಗದ್ದೆಯ ಅಂಚಿನಲ್ಲಿ ಹತ್ತಾರು ನಿಂಬೆಗಿಡಗಳಿದ್ದವು. ಅವುಗಳ ಕಾಯಿಗೆ ಹುಳಿ ಜಾಸ್ತಿ, ಅಂದ ಕಡಿಮೆ. ಮೈಮೇಲೆಲ್ಲ ಕಜ್ಜಿಯಂಥ ಕಲೆ. ಮಂಡ್ಯದ ಮಾರ್ಕೆಟ್ಟಿಗೆ ಒಯ್ದರೆ ವ್ಯಾಪಾರಿಗಳು ಮೂಗು ಮುರಿಯುತ್ತಿದ್ದರು. ನನಗಾಗ ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಇನ್ನೂ ಬಂದಿರಲಿಲ್ಲ. ಮದ್ದೂರಿನ ಅಂಗಡಿಯೊಂದರಿಂದ ಔಷಧಿ ತಂದು, ಹೇಳಿದ್ದಕ್ಕಿಂತ ಎರಡು ಪಟ್ಟು ಬೆರೆಸಿ ಹೊಡೆದೆ. "ಜಾಸ್ತಿ ಒಡುದ್ರೆ ಕಾಯಿ ಉಳಿ ಸತ್ತೋಯ್ತದೆ, ನೋಡ್ಕಳಿ" ಎಂದು ಅಂಗಡಿಯವನು ಮೊದಲೇ ಎಚ್ಚರಿಸಿದ್ದ. ಹುಳಿ ಸತ್ತರೆ ನನ್ನಪ್ಪನ ಗಂಟೇನು ಹೋಗುತ್ತದೆ ಅಂದುಕೊಂಡೆ.

ಆ ಸಲ ಕಾಯಿ ನುಣ್ಣಗೆ ಹೊಳೆಯುತ್ತಿದ್ದವು. ಒಂದು ಮಂಕರಿ ತುಂಬ ಮನೆಗೂ ತಂದೆ. ಅತ್ತಿಗೆ ಉಪ್ಪಿನಕಾಯಿ ಹಾಕಿದರು. ಅವರ ಕೈಗುಣಕ್ಕೆ ಊರಲ್ಲೇ ಹೆಸರಿತ್ತು. ಮದುವೆ ಮನೆಯವರೂ ಬಂದು ಕರೆದೊಯ್ದು ಜಾಡಿ ತುಂಬಿಸಿಕೊಳ್ಳುತ್ತಿದ್ದರು. ತಿಂಗಳು ಕಳೆದು ಅವ್ವ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ಮೇಲೆಲ್ಲ ಬೆಳ್ಳಗೆ ಬೂಷ್ಟು ಹಿಡಿದಿತ್ತು.

ಉಪ್ಪಿನಕಾಯಿಯನ್ನು ಕೆಡದಂತೆ ಕಾಯುವುದು ಉಪ್ಪಿನ ಜೊತೆಗಿರುವ ಹುಳಿ. ಆದರೆ ನಮ್ಮಲ್ಲಿ ಕಾಯಿಯನ್ನು ಯಾರು ಅನುಮಾನಿಸುತ್ತಾರೆ? ಕೆಟ್ಟಿತೆಂದರೆ ಮುಟ್ಟಾದವರು ಜಾಡಿ ಮುಟ್ಟಿದ್ದಾರೆ ಅಂತಲೇ ತೀರ್ಮಾನ.

"ಒರ್ಗಿದ್ದಾಗ ಜಾಡಿ ಮುಟ್ಬುಟ್ಟಿದ್ದೀಯ ಕಣಮ್ಮ" ಎಂದಳು ಅವ್ವ, ನೆರೆಮನೆಯ ಹೆಂಗಸರ ಎದುರಿಗೇ.

"ಇಲ್ಲ ಕಣತ್ತೆ, ದೇವ್ರಾಣೆ ಮುಟ್ನಿಲ್ಲ" ಎಂದರು ಅತ್ತಿಗೆ.

ನಾನು ಅಲ್ಲೇ ಕೂತು ಮುದ್ದೆ ನುಂಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಿಗಾದರೂ ಒಂದಿಷ್ಟು ನಾಚಿಕೆಯಿತ್ತು. ಔಷಧಿ ಹೊಡೆದದ್ದು ನಾನು ಅಂದಿದ್ದರೆ ಅವ್ವ ಎರಡು ಬೈದು ಸುಮ್ಮನಾಗುತ್ತಿದ್ದಳು. ಅಷ್ಟೂ ನನ್ನಿಂದಾಗಲಿಲ್ಲ. ಜಾಡಿಯನ್ನು ತಿಪ್ಪೆಗೆ ಸುರಿದವರೂ ಅತ್ತಿಗೆಯೇ.

ಆಮೇಲೆ ಅವರು ಉಪ್ಪಿನಕಾಯಿಗೆ ಕೈ ಹಾಕಲಿಲ್ಲ. ಮದುವೆ ಮನೆಯವರೂ ಕರೆಯಲಿಲ್ಲ. ಮನೆಯಲ್ಲಿ ಜಾಡಿ ತುಂಬುವ ದಿನ ಅವರು ತಾವಾಗಿಯೇ ಹಿತ್ತಲಿಗೆ ಹೋಗಿ ಕೂರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನಾನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ಹೊರಟುಬಿಡುತ್ತಿದ್ದೆ.

ಅವ್ವ ತೀರಿಕೊಂಡು ಎರಡು ವರ್ಷದ ಮೇಲೆ ಧೈರ್ಯ ಬಂತು. ಊಟಕ್ಕಿಲ್ಲದ ಉಪ್ಪಿನಕಾಯಿ ಅಂತಾರಲ್ಲ, ಅಂಥ ಧೈರ್ಯ. ಅವರೆಕಾಯಿ ಸುಲಿಯುತ್ತಿದ್ದ ಅತ್ತಿಗೆಯ ಎದುರು ಕೂತು ಎಲ್ಲ ಒಪ್ಪಿಕೊಂಡೆ. ಅವರು ತಲೆಯೆತ್ತಲಿಲ್ಲ.

"ಗೊತ್ತಿತ್ತು ಕಣಪ್ಪ. ಕಾಯಿ ಎಚ್ಚುವಾಗ್ಲೇ ನೆಕ್ಕಿ ನೋಡಿದ್ದೆ, ಉಳೀನೇ ಇರ್ನಿಲ್ಲ. ನೀನು ಔಸ್ದಿ ಒಡುದದ್ದೂ ಕಂಡಿದ್ದೆ. ನಾನಂದ್ರೆ ಅತ್ತೆ ನಂಬ್ತಿದ್ರಾ? ನೀನೇ ಒಂದಿನ ಯೋಳ್ತೀಯ ಅಂತ, ಅವ್ರು ಕಣ್ಮುಚ್ಚೋಗಂಟ ಕಾದೆ."